ಹೊಂಡದ ಮ್ಯಾಲಿನ ಹಸಿರು ಬಣ್ಣ: ಗುರುತು ಹಿಡಿಯೋದು ಹೆಂಗ, ದಾರಿಗೆ ತರೋದು ಹೆಂಗ

ಈ ಸಲದ ಬರಹ ಬೆಳಿ ಬಗ್ಗೆ ಅಲ್ಲ, ನೀರಿನ ಬಗ್ಗೆ. ನಮ್ಮ ಬಸವಕಲ್ಯಾಣ, ಹುಮನಾಬಾದ ಎರಡೂ ತಾಲೂಕಿನಾಗ ಕೃಷಿ ಹೊಂಡ ಇದ್ದವರು ಈಗ ಬಾಳ ಮಂದಿ ಇದ್ದೀವಿ. 2014ರಾಗ ಕೃಷಿ ಭಾಗ್ಯ ಯೋಜನೆ ಸುರು ಆದ ಮ್ಯಾಲೆ ಹೊಂಡ ತೋಡೋದು ಹೆಂಗ, ಪ್ಲಾಸ್ಟಿಕ್ ಹಾಳಿ ಹಾಸೋದು ಹೆಂಗ ಅಂತ ಎಲ್ಲಾರಿಗೂ ಗೊತ್ತಾಗ್ಯದ. ಆದ್ರ ತುಂಬಿದ ನೀರು ಮೇ ತಿಂಗಳದಾಗ ಕೆಟ್ಟು ನಿಂತ್ರ ಏನು ಮಾಡಬೇಕು ಅನ್ನೋ ಮಾತು ನಮ್ಮ ನಮ್ಮೊಳಗ ಕಡಿಮಿ. ಕಾರಂಜಾ, ಚುಳಕಿನಾಲಾದಂಥ ದೊಡ್ಡ ನೀರಿನ ಮಾತು ಬಿಡ್ರಿ, ಅದಕ್ಕ ಇಂಜಿನಿಯರ್ ಸಾಹೇಬ್ರು ಇದ್ದಾರ. ನಂದು ಸಣ್ಣ ಹೊಂಡದ ಮಾತು.

ಹೋದ ಬ್ಯಾಸಿಗಿಯಾಗ ನಮ್ಮ ಹೊಂಡದಾಗ ಐದು ಫೂಟು ನೀರು ಉಳಿದಿತ್ತು. ಆಗಸ್ಟ್‌ದಾಗ ಬಿಟ್ಟ 400 ಮೀನಿನ ಮರಿ, ಕಾಟ್ಲಾ, ರೋಹು, ಮೃಗಾಲ್ ಕೂಡಿ, ಅರ್ಧ ಕಿಲೊ ಹತ್ತಿರ ಬಂದಿದ್ದವು. ಮೂರು ಎಮ್ಮಿ ಅದೇ ನೀರು ಕುಡೀತಿದ್ದವು, ಅದರಾಗ ಒಂದು ಗಬ್ಬ ಇತ್ತು. ಅರ್ಧ ಎಕರೆ ಬದನಿಗೂ ಡ್ರಿಪ್ ಅಲ್ಲಿಂದನೇ. ಏಪ್ರಿಲ್‌ದಾಗ ಒಂದು ದೊಡ್ಡ ಅಕಾಲಿಕ ಮಳಿ ಬಂದು, ಮ್ಯಾಲಿನ ಹೊಲದಾಗ ಕುರಿ ತರುಬಿದ ಜಾಗದ ಗೊಬ್ಬರೆಲ್ಲ ತೊಳಕೊಂಡು ಹೊಂಡಕ್ಕ ಇಳೀತು. ಅದಾಗಿ ಮೂರು ವಾರ ಸುಡುಬಿಸಿಲು, ಗಾಳಿ ಇಲ್ಲ. ಮೇ ಎರಡನೇ ವಾರ ನೀರು ಮೊದಲು ಹೆಸರಬ್ಯಾಳಿ ಕಟ್ಟಿನಂಗ ಆಯ್ತು. ಆಮ್ಯಾಲೆ ಒಂದು ಮುಂಜಾನಿ ಮೂಡಣ ದಂಡಿಗೆ ಯಾರೋ ಹಸಿರು ಪೇಂಟ್ ಡಬ್ಬಿ ಉರುಳಿಸಿದಂಗ ಕೆನಿ ಕಟ್ಟಿತ್ತು.

ನಮ್ಮ ಕಡೆ ಇದಕ್ಕೆಲ್ಲ ಒಂದೇ ಹೆಸರು, ಪಾಚಿ. ಮರಾಠಿ ಮಂದಿ ಶೇವಾಳ ಅಂತಾರ. ಆದ್ರ ಪಾಚಿ ಅಂತ ಕರಿಯೋದೆಲ್ಲ ಒಂದೇ ಜಾತಿ ಅಲ್ಲ. ಕಲ್ಲಿಗೆ ಕೂದಲದಂಗ ಹಿಡಿಯೋದು ಪಾಚಿ ಖರೆ, ಅದರಿಂದ ದೊಡ್ಡ ಅಪಾಯ ಇಲ್ಲ. ಪೇಂಟ್‌ನಂಗ ತೇಲೋದು ನೀಲಿ-ಹಸಿರು ಪಾಚಿ ಅಂತ ಹೆಸರಿದ್ರೂ ಅದು ಪಾಚಿನೇ ಅಲ್ಲ, ಬ್ಯಾಕ್ಟೀರಿಯಾ. ಸಯನೊಬ್ಯಾಕ್ಟೀರಿಯಾ ಅಂತಾರ. ಗಿಡದಂಗ ಬಿಸಿಲು ತಿಂದು ಬದುಕೋ ಬ್ಯಾಕ್ಟೀರಿಯಾ. ಇದರಾಗ ಕೆಲವು ವಿಷ ಮಾಡ್ತಾವ, ಕೆಲವು ಮಾಡಂಗಿಲ್ಲ. ಯಾವುದು ಮಾಡ್ತದ ಅಂತ ಕಣ್ಣಿಲೆ ನೋಡಿ ಹೇಳ್ಲಾಕ ಆಗಂಗಿಲ್ಲ. ಅದಕ್ಕ ಎಲ್ಲಾನೂ ವಿಷ ಅಂತನೇ ತಿಳಕೊಂಡು ನಡೀಬೇಕು.

ಹೈದರಾಬಾದಿನಾಗ ಇರೋ ನಮ್ಮ ತಂಗಿ ಮಗ ಮನ್ಯಾಗ ಸಮುದ್ರದ ಉಪ್ಪು ನೀರಿನ ಗಾಜಿನ ಟ್ಯಾಂಕ್ ಇಟ್ಟಾನ. ಅದರಾಗ ಹವಳ, ಬಣ್ಣ ಬಣ್ಣದ ಮೀನು. ನಾ ಹೊಂಡದ ಫೋಟೊ ಕಳಿಸಿದ್ದಕ್ಕ ಆತ ಫೋನ್ ಹಚ್ಚಿದ. "ಮಾಮಾ, ನನ್ನ ಟ್ಯಾಂಕಿನಾಗ ಕೆಂಪು ಅದ, ನಿನ್ನ ಹೊಂಡದಾಗ ಹಸಿರು ಅದ. ಎರಡೂ ಒಂದೇ ಕುಲ." ಆತನ ಟ್ಯಾಂಕಿನಾಗ ಮರಳಿನ ಮ್ಯಾಲೆ, ಹವಳದ ಮ್ಯಾಲೆ ಕೆಂಪು ಲೋಳಿ ಹಾಸಿಕೊಂಡಿತ್ತು. ಬೆರಳಿಲೆ ಎಬ್ಬಿಸಿದ್ರ ಹಾಳಿ ಹಾಳಿಯಾಗಿ ಏಳ್ತದ, ನಡುವ ಸಣ್ಣ ಗುಳ್ಳಿ, ಹಗಲು ದೀಪ ಹಚ್ಚಿದಾಗ ಹೆಚ್ಚು, ರಾತ್ರಿ ಕಡಿಮಿ. ಅದೇ ಕಂದು ಬಣ್ಣ ಇದ್ದು, ಸಿಂಬಳದಂಗ ಎಳಿ ಎಳಿಯಾಗಿ ಜೋತಾಡಿದ್ರ ಅದು ಬೇರೆ ಜೀವಿ ಇರಬಹುದು, ಅದಕ್ಕ ಉಪಾಯನೂ ಬೇರೆ ಅಂದ. ಗುರುತು ಹಿಡಿಯದೆ ಔಷಧ ಹಾಕೋದಂದ್ರ ಕರಿಜಿಗಿಗೆ ಕಳೆ ಔಷಧ ಹೊಡದಂಗ ಅಂತ ನಾ ಅಂದೆ.

ಹೊಂಡದಾಗ ಗುರುತು ಹಿಡಿಯೋದಕ್ಕ ರೊಕ್ಕ ಬೇಕಾಗಿಲ್ಲ. ನಾ ಮಾಡಿದ್ದು ಇಷ್ಟು:

ಒಂದು, ಕಟಿಗಿ ಪರೀಕ್ಷೆ. ಉದ್ದನ ಕಟಿಗಿ ತಗೊಂಡು ಕೆನಿಯಾಗ ಅದ್ದಿ ಎತ್ರಿ. ಕೂದಲದಂಗ, ದಾರದಂಗ ಜೋತು ಬಿದ್ರ ಸಾದಾ ಪಾಚಿ. ಪೇಂಟ್ ಹಚ್ಚಿದಂಗ ಕಟಿಗಿಗೆ ಬಳಕೊಂಡು ಬಂದ್ರ ಬ್ಯಾಕ್ಟೀರಿಯಾ ಅಂತ ಸಂಶಯ ಪಡ್ರಿ.

ಎರಡು, ಬಾಟ್ಲಿ ಪರೀಕ್ಷೆ. ಖಾಲಿ ಪಾರದರ್ಶಕ ಬಾಟ್ಲಿಯಾಗ ಮುಕ್ಕಾಲು ನೀರು ತುಂಬ್ರಿ. ಕೆನಿ ಬ್ಯಾಡ, ಅದರ ಕೆಳಗಿನ ನೀರು ತಗೋರಿ. ಒಂದು ರಾತ್ರಿ ನೆರಳಾಗ ಅಳ್ಳಾಡಿಸದೆ ಇಡ್ರಿ. ಹಸಿರು ತಳಕ್ಕ ಕುಂತ್ರ ಸಾದಾ ಪಾಚಿ. ಮ್ಯಾಲೆ ಉಂಗುರದಂಗ ತೇಲಿ ಕಟ್ಟಿದ್ರ ಬ್ಯಾಕ್ಟೀರಿಯಾ. ಇದರ ಜೀವಕೋಶದಾಗ ಗಾಳಿ ತುಂಬಿದ ಸಣ್ಣ ಸಣ್ಣ ಚೀಲ ಇರ್ತಾವ, ಹಂಗಾಗಿ ತೇಲ್ತದ.

ಮೂರು, ಒಣಗಿದ ದಂಡಿ ನೋಡ್ರಿ. ನೀರು ಇಳಿದು ಕೆನಿ ಹಾಳಿ ಮ್ಯಾಲೆ ಒಣಗಿದಲ್ಲಿ ತಿಳಿ ನೀಲಿ ಬಣ್ಣ ಕಂಡ್ರ ಅದು ಇದರದೇ ಬಣ್ಣ. ಒಳಗಿನ ನೀಲಿ ದ್ರವ್ಯ ಜೀವ ಸತ್ತ ಮ್ಯಾಲೆ ಹೊರಗ ಬರ್ತದ. ವಾಸನಿಯೂ ಬ್ಯಾರೆ, ಮುಗ್ಗಲು ಹಿಡಿದ ಮಣ್ಣಿನಂಗ, ಆಮ್ಯಾಲೆ ಕೊಳೆತಂಗ.

ಈ ಮೂರೂ ಬರಿಗೈಯಿಲೆ ಮಾಡಬ್ಯಾಡ್ರಿ. ಹ್ಯಾಂಡ್‌ಗ್ಲೌಸ್ ಇಲ್ಲಂದ್ರ ಪ್ಲಾಸ್ಟಿಕ್ ಚೀಲ ಕೈಗೆ ಕಟ್ಕೊಳ್ರಿ. ಮೈಗೆ ಹತ್ತಿದ್ರ ತುರಿಕಿ, ದದ್ದು ಏಳ್ತಾವ. ಪರಿಚಯದ ಒಬ್ಬ ಬಯಾಲಜಿ ಸರ್ ಇದ್ದಾರ, ಅವರು ನನ್ನ ಬಾಟ್ಲಿ ನೀರು ಸೂಕ್ಷ್ಮದರ್ಶಕದಾಗ ಇಟ್ಟು ತೋರಿಸಿದ್ರು. ಗಸಗಸಿ ಗುಂಪು ಕಟ್ಟಿದಂಗ ಕಾಣ್ತಿತ್ತು. ಮೈಕ್ರೊಸಿಸ್ಟಿಸ್ ಅಂದ್ರು. ಲಿವರ್ ಹಾಳು ಮಾಡೋ ವಿಷ ಇದರಾಗ ಇರ್ತದ. ಮಣಿ ಪೋಣಿಸಿದ ಸರದಂಗ ಕಂಡ್ರ ಅದು ಅನಾಬೀನಾ. ಅದರ ಕೆಲವು ಜಾತಿ ನರಕ್ಕ ವಿಷ.

ಈ ವಿಷ ಸುಳ್ಳು ಹೆದರಿಕಿ ಅಲ್ಲ ರೀ. 1878ರಾಗ ಆಸ್ಟ್ರೇಲಿಯಾದ ಅಲೆಕ್ಸಾಂಡ್ರಿನಾ ಅನ್ನೋ ಕೆರೆಯಾಗ ಹಿಂಗೇ ಹಸಿರು ಕೆನಿ ಕಟ್ಟಿ, ಕುಡಿದ ಕುರಿ, ಕುದುರಿ, ನಾಯಿ, ಹಂದಿ ಸತ್ತವು ಅಂತ ಜಾರ್ಜ್ ಫ್ರಾನ್ಸಿಸ್ ಅನ್ನೋರು ನೇಚರ್ ಪತ್ರಿಕೆಯಾಗ ಬರೆದಿದ್ರು. 2020ರಾಗ ಆಫ್ರಿಕಾದ ಬೋಟ್ಸ್ವಾನಾದಾಗ 300ಕ್ಕೂ ಹೆಚ್ಚು ಆನಿ ಸತ್ತವು. ಹೊಂಡದ ನೀರಿನ ಈ ವಿಷನೇ ಕಾರಣ ಅಂತ ಅಲ್ಲಿನ ಸರ್ಕಾರ ಹೇಳಿತು. ಆನಿಗೇ ಹಿಂಗಂದ್ರ ನಮ್ಮ ಆಡಿನ ಮರಿ ಯಾವ ಲೆಕ್ಕ? ನರದ ವಿಷ ಆದ್ರ ದನ ನಡುಗಿ, ತೂರಾಡಿ, ಉಸಿರು ಕಟ್ಟಿ ಕೆಲವು ತಾಸಿನಾಗ ಬೀಳ್ತದ. ಲಿವರ್ ವಿಷ ಆದ್ರ ಮೇವು ಬಿಡ್ತದ, ನಿತ್ರಾಣ ಆಗ್ತದ, ಉಚ್ಚಿಕೊಳ್ತದ. ಬದುಕಿ ಉಳಿದ್ರ ಬಿಳಿ ತೊಗಲು ಇದ್ದಲ್ಲಿ ಬಿಸಿಲಿಗೆ ಸುಟ್ಟಂಗ ಸಿಪ್ಪಿ ಏಳ್ತದ. ಇದಕ್ಕ ಇಂಥದ್ದೇ ಅಂತ ಪ್ರತಿವಿಷ ಇಲ್ಲ. ಸಂಶಯ ಬಂದ ಕೂಡಲೇ ದನ ನೀರಿನಿಂದ ದೂರ ಎಳೆದು, ನೆರಳಾಗ ಕಟ್ಟಿ, 1962ಕ್ಕ ಫೋನ್ ಹಚ್ರಿ. ಹೊಂಡದ ನೀರು ಹಸಿರಿತ್ತು ಅನ್ನೋ ಮಾತು ಡಾಕ್ಟರಿಗೆ ಮೊದಲೇ ಹೇಳ್ರಿ, ಇಲ್ಲಂದ್ರ ಅವರು ಹಾವು ಕಡೀತೋ, ಎಳಿ ಜೋಳದ ಮೇವು ತಿಂತೋ ಅಂತ ಹುಡುಕ್ಲಾಕ ಹೋಗ್ತಾರ. ಇನ್ನೊಂದು, ನೀರು ಕಾಯಿಸಿದ್ರ ಬ್ಯಾಕ್ಟೀರಿಯಾ ಸಾಯ್ತದ, ವಿಷ ಹೋಗಂಗಿಲ್ಲ. ಕಾಯಿಸಿ ಕುಡಿಸ್ತೀನಿ ಅನ್ನೋರು ಇದನ್ನ ನೆನಪಿಡ್ರಿ.

ಬಾಟ್ಲಿಯಾಗ ಉಂಗುರ ಕಂಡ ದಿನನೇ ನಾ ಎಮ್ಮಿ ದಾರಿಗೆ ಮುಳ್ಳು ಬಡಿದೆ. ಹೊಂಡದ ಸುತ್ತ ಹಳೆ ಸೀರಿ ಕಟ್ಟಿದೆ. ಅಲ್ಲಿಂದ ಮನ್ಯಾಗ ಖರೇ ಜಗಳ ಸುರು ಆಯ್ತು. ನಮ್ಮ ಬೋರು ಮೇ ತಿಂಗಳದಾಗ ತಾಸಿಗೆ 3 ಸಾವಿರ ಲೀಟರ್ ಕೊಡ್ತದ, ತ್ರೀಫೇಸ್ ಕರೆಂಟ್ ದಿನಕ್ಕ ಆರೇಳು ತಾಸು. ಅಂದ್ರ ದಿನಕ್ಕ 20 ಸಾವಿರ ಲೀಟರ್. ಆ ನೀರಾಗ ಎಮ್ಮಿ ಉಳಿಸಬೇಕೋ, ಬದನಿ ಉಳಿಸಬೇಕೋ, ಮೀನು ಉಳಿಸಬೇಕೋ? ತಮ್ಮ ಅಂದ, "ಅಣ್ಣಾ, ಮೀನು ಬಿಡು. ಮೈಲುತುತ್ತ ಸುರುವಿ ಒಂದೇ ಸಲಕ್ಕ ಮುಗಿಸು." ಬಾಜೂ ಹೊಲದ ಕಾಕಾನೂ ಅದೇ ಮಾತು. "ಐದು ಕಿಲೊ ಹಾಕು ಬಿಡೋ, ಮೂರು ದಿನದಾಗ ನೀರು ಗಾಜಿನಂಗ ಆಗ್ತದ."

ನಾ ಪೆನ್ನು ಹಾಳಿ ತಗೊಂಡು ಕುಂತೆ. ಲೆಕ್ಕ ನೀವೂ ಕಲ್ತು ಇಟ್ಕೊಳ್ರಿ. ಹೊಂಡ ಮ್ಯಾಲೆ 21 ಮೀಟರ್, ತಳದಾಗ 15 ಮೀಟರ್, ಆಳ 3 ಮೀಟರ್. ನೀರು ಇದ್ದದ್ದು ಒಂದೂವರಿ ಮೀಟರ್. ಆ ಮಟ್ಟಕ್ಕ ನೀರಿನ ಅಗಲ 18, ತಳ 15, ಸರಾಸರಿ ಹದಿನಾರೂವರಿ. ಹದಿನಾರೂವರಿ ಗುಣಿಸು ಹದಿನಾರೂವರಿ ಗುಣಿಸು ಒಂದೂವರಿ ಅಂದ್ರ 408 ಘನ ಮೀಟರ್. ಒಂದು ಘನ ಮೀಟರ್ ಅಂದ್ರ ಸಾವಿರ ಲೀಟರ್. ಹಂಗಾಗಿ ಸುಮಾರು 4 ಲಕ್ಷ ಲೀಟರ್ ನೀರು. ಮೀನಿನ ಹೊಂಡಕ್ಕ ಮೈಲುತುತ್ತ ಹಾಕಬೇಕಂದ್ರ ಮೊದಲು ನೀರಿನ ಕ್ಷಾರತೆ ಪರೀಕ್ಷೆ ಮಾಡಿಸಬೇಕು. ಆ ಅಂಕಿಯನ್ನ ನೂರರಿಂದ ಭಾಗಿಸಿದಷ್ಟು ಮಿಲಿಗ್ರಾಮ್ ಒಂದು ಲೀಟರಿಗೆ. ಕ್ಷಾರತೆ 100 ಇದ್ರ ಲೀಟರಿಗೆ 1 ಮಿಲಿಗ್ರಾಮ್, ನಮ್ಮ ಹೊಂಡಕ್ಕ 400 ಗ್ರಾಮ್. ಕ್ಷಾರತೆ 50ಕ್ಕಿಂತ ಕಡಿಮಿ ಇದ್ರ ಹಾಕಲೇಬಾರದು. ಕಾಕಾ ಹೇಳಿದ್ದು 5 ಕಿಲೊ, ಅಂದ್ರ ಹನ್ನೆರಡು ಪಟ್ಟು. ಮೀನು ಮೊದಲು, ಪಾಚಿ ಆಮ್ಯಾಲೆ ಹೋಗ್ತಿತ್ತು.

ಅಳತಿ ಸರಿ ಹಾಕಿದ್ರೂ ಇನ್ನೊಂದು ಅಪಾಯ ಅದ. ಈ ಬ್ಯಾಕ್ಟೀರಿಯಾ ಜೀವ ಇರೋತನಕ ವಿಷದ ಬಹುಪಾಲು ಅದರ ಹೊಟ್ಟ್ಯಾಗೇ ಇರ್ತದ. ಒಮ್ಮೆಲೇ ಕೊಂದ್ರ ಒಡೆದು ಎಲ್ಲಾ ವಿಷ ನೀರಿಗೆ ಬಿಡ್ತದ. 1979ರಾಗ ಆಸ್ಟ್ರೇಲಿಯಾದ ಪಾಮ್ ಐಲ್ಯಾಂಡ್‌ದಾಗ ಕುಡಿಯೋ ನೀರಿನ ಅಣೆಕಟ್ಟಿಗೆ ಇದೇ ಮೈಲುತುತ್ತ ಹಾಕಿದ್ರು. ಕೆಲವು ದಿನದಾಗ 148 ಮಂದಿ ಆಸ್ಪತ್ರೆ ಸೇರಿದ್ರು, ಅದರಾಗ ಮಕ್ಕಳೇ ಜಾಸ್ತಿ. ಲಿವರ್, ಕಿಡ್ನಿ ಎರಡಕ್ಕೂ ಪೆಟ್ಟು ಬಿದ್ದಿತ್ತು. ನೀರು ಗಾಜಿನಂಗ ತಿಳಿ ಆದ್ರೂ ಅದು ಕುಡಿಯೋ ನೀರಲ್ಲ. ಮ್ಯಾಲಾಗಿ ಸತ್ತದ್ದು ಕೊಳೀಲಾಕ ಸುರು ಆದ್ರ ನೀರಿನ ಆಮ್ಲಜನಕ ತಿಂದು ಹಾಕ್ತದ. ತಂಗಿ ಮಗನ ಟ್ಯಾಂಕಿನ ಮಂದಿಗೂ ಇದೇ ಪಾಠ ಅಂತ. ಎರಿಥ್ರೋಮೈಸಿನ್ ಅನ್ನೋ ಮನುಷ್ಯರ ಆಂಟಿಬಯಾಟಿಕ್ ಹಾಕಿದ್ರ ಕೆಂಪು ಲೋಳಿ ಹೋಗ್ತದ, ಆದ್ರ ಮೀನಿನ ಹೊಲಸು ತಿಂದು ನೀರು ಸುದ್ದ ಇಡೋ ಒಳ್ಳೆ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳ್ತದ. ಕಾರಣ ಹಂಗೇ ಉಳಿದ್ರ ಲೋಳಿ ತಿರುಗಿ ಬರ್ತದ. ಆತ ಮಾಡೋದು ಬೇರೆ: ಪೈಪಿನಿಂದ ಲೋಳಿ ಎಳೆದು ಹೊರಗ ಹಾಕ್ತಾನ, ಮೀನಿನ ಮೇವು ಕಡಿಮಿ ಮಾಡ್ತಾನ, ನಳದ ನೀರಿನ ಬದಲು ಸೋಸಿದ ನೀರು ಬಳಸ್ತಾನ, ಸಣ್ಣ ಪಂಪಿನಿಂದ ನೀರು ಓಡ್ಯಾಡಿಸ್ತಾನ, ಕಡೀಗೆ ಮೂರು ದಿನ ದೀಪ ಆರಿಸಿ ಟ್ಯಾಂಕಿಗೆ ಬಟ್ಟಿ ಹೊಚ್ಚತಾನ.

ನಾ ತಮ್ಮಗ ಅದನ್ನೇ ಹೇಳಿದೆ. "ಹನ್ನೆರಡು ದಿನ ಕೊಡು. ಎಮ್ಮಿಗೆ ಬೋರಿನ ನೀರು, ಬದನಿಗೆ ಹೊಂಡದ ನೀರು, ಉಳಿದ ಬೋರಿನ ನೀರು ಹೊಂಡಕ್ಕ." ಆತ ಒಪ್ಪಿದ್ದು ಮೀನಿನ ಸಲುವಾಗಿ ಅಲ್ಲ, ಮೈಲುತುತ್ತ ಹಾಕಿದ್ರ ಎಮ್ಮಿ ಮತ್ತ ಎರಡು ಮೂರು ವಾರ ಆ ನೀರಿಗೆ ಹೋಗಂಗಿಲ್ಲ ಅನ್ನೋ ಸಲುವಾಗಿ.

ಕೆಲಸ ಹಿಂಗ ಮಾಡಿದ್ವಿ. ಮುಂಜಾನಿ ಗಾಳಿ ಏಳೋದರೊಳಗ ಕೆನಿ ಒಂದು ದಂಡಿಗೆ ಕೂಡಿರ್ತದ. ಹಳೆ ಸೊಳ್ಳಿಪರದಿ ಒಳಗ ಬಟ್ಟಿ ಹಾಕಿ, ಇಬ್ಬರು ಎರಡು ತುದಿ ಹಿಡಿದು ಕೆನಿ ಎಳೆದ್ವಿ. ಮೊದಲನೇ ದಿನ ಹನ್ನೊಂದು ಬಕೆಟ್. ಅದನ್ನ ತಿಪ್ಪಿಗೆ ಹಾಕಲಿಲ್ಲ, ನಾಯಿ ಕೋಳಿ ಮುಟ್ಟದಂಗ ದೂರ ಗುಂಡಿ ತೋಡಿ ಮುಚ್ಚಿದ್ವಿ. ಮೀನಿನ ಮೇವು, ಸಗಣಿ ಎರಡೂ ಪೂರ್ತಿ ಬಂದ್. ಡ್ರಿಪ್‌ಗೆ ಫಿಲ್ಟರ್ ದಿನಕ್ಕ ಎರಡು ಸಲ ತೊಳದು, ಹೊಂಡದ ನೀರು ದಿನಾ 20 ಸಾವಿರ ಲೀಟರಿನಂಗ ಬದನಿ ಬೇರಿಗೆ ಬಿಟ್ವಿ. ಎಲಿ ಮ್ಯಾಲೆ, ಕಾಯಿ ಮ್ಯಾಲೆ ಬೀಳೋ ಸ್ಪ್ರಿಂಕ್ಲರ್ ಬ್ಯಾಡ. ಕೊತ್ತಂಬರಿ, ಪಾಲಕ ಇದ್ದವರಂತೂ ಈ ನೀರು ಮುಟ್ಟಬ್ಯಾಡ್ರಿ. ಎಮ್ಮಿ ಕುಡಿದು ಉಳಿದ ಬೋರಿನ ನೀರೆಲ್ಲ ಹೊಂಡಕ್ಕ ಬಿಟ್ವಿ. ಆರು ದಿನದಾಗ ನಾಲ್ಕನೇ ಒಂದು ಪಾಲು ನೀರು ಬದಲಾಯ್ತು.

ಎಲ್ಲಾಕಿಂತ ಕಠಿಣ ಹೊತ್ತು ಬೆಳಗಿನ ಜಾವ. ಹಗಲು ಈ ಬ್ಯಾಕ್ಟೀರಿಯಾ ಆಮ್ಲಜನಕ ಬಿಡ್ತದ, ರಾತ್ರಿ ತಾನೇ ತಗೋತದ. ನಾಲ್ಕು ಗಂಟೆಯಿಂದ ಸೂರ್ಯ ಹುಟ್ಟೋತನಕ ಮೀನು ಮ್ಯಾಲೆ ಬಂದು ಬಾಯಿ ಬಾಯಿ ಬಿಡ್ತಾವ. ಅದಕ್ಕ ಸಣ್ಣ ಪೆಟ್ರೋಲ್ ಪಂಪ್ ಇಟ್ಟು, ಪೈಪಿನ ಬಾಯಿಗೆ ತೂತಿನ ತಗಡು ಕಟ್ಟಿ, ಹೊಂಡದ ನೀರು ಎತ್ತಿ ಹೊಂಡಕ್ಕೇ ಕಾರಂಜಿಯಂಗ ಬಿಟ್ವಿ. ಒಂದು ರಾತ್ರಿ ತಮ್ಮ, ಒಂದು ರಾತ್ರಿ ನಾ. ಐದನೇ ದಿನ ಮುಂಜಾನಿ ಮೂರು ಮೀನು ತೇಲಿದ್ವು, ಏಳನೇ ದಿನ ಹತ್ತೊಂಬತ್ತು. ಆ ದಿನ ತಮ್ಮ ಏನೂ ಮಾತಾಡಲಿಲ್ಲ, ಪಂಪಿಗೆ ಪೆಟ್ರೋಲ್ ಹಾಕಿ ಮತ್ತ ಸುರು ಮಾಡಿದ.

ನೀರು ಸುಧಾರಿಸ್ತಾ ಅದನೋ ಇಲ್ಲೋ ಅಂತ ನೋಡ್ಲಾಕ ಒಂದು ತಾಟಿಗೆ ಬಿಳಿ, ಕರಿ ಬಣ್ಣ ಹಚ್ಚಿ ದಾರ ಕಟ್ಟಿ ನೀರಿಗೆ ಬಿಡ್ರಿ. ಎಷ್ಟು ಆಳದಾಗ ಮರೆ ಆಗ್ತದ ಅನ್ನೋದೇ ಅಳತಿ. ಮೀನಿನ ಹೊಂಡಕ್ಕ 30ರಿಂದ 40 ಸೆಂಟಿಮೀಟರ್ ಚಲೋ. 20ಕ್ಕಿಂತ ಕಡಿಮಿ ಅಂದ್ರ ರಾತ್ರಿ ಪಂಪ್ ಬೇಕೇ ಬೇಕು. ನಮ್ಮದು ಮೊದಲನೇ ದಿನ 9 ಇತ್ತು, ಹನ್ನೆರಡನೇ ದಿನ 26. ಬಾಟ್ಲಿಯಾಗ ಉಂಗುರ ಕಟ್ಟೋದು ನಿಂತಿತು. ಒಟ್ಟು 37 ಮೀನು ಹೋದವು. ಉಳಿದವನ್ನ ಮಳಿ ಬಂದು, ನೀರು ತಿಳಿಯಾಗಿ ಮೂರು ವಾರ ದಾಟಿದ ಮ್ಯಾಲೆ ಹಿಡಿದ್ವಿ. ಕೆನಿ ಇದ್ದಾಗಿನ ಮೀನು ತಿನ್ನಬಾರದು, ಮಾರಬಾರದು. ವಿಷ ಮೀನಿನ ಕರುಳು, ಲಿವರಿನಾಗ ಕೂಡ್ತದ. ಎಮ್ಮಿ ಜೂನ್ ಕಡೀತನಕ ಹೊಂಡಕ್ಕ ಬಿಡಲಿಲ್ಲ. ಗಬ್ಬ ಇದ್ದದ್ದು ಶ್ರಾವಣದಾಗ ಹೆಣ್ಣು ಕರ ಹಾಕಿತು.

ಈಗ ಮೂಲ ಕಾರಣಕ್ಕ ಬರೋಣ. ಈ ಕುಲಕ್ಕ ಬೇಕಾದದ್ದು ಬಿಸಿಲು, ನಿಂತ ನೀರು, ರಂಜಕ. ರಂಜಕ ಅಂದ್ರ ಡಿಎಪಿಯೊಳಗಿನ ಗುಣ. 50 ಕಿಲೊ ಡಿಎಪಿ ಚೀಲದಾಗ ಹತ್ತು ಕಿಲೊ ಹತ್ತಿರ ಖರೇ ರಂಜಕ ಇರ್ತದ. ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತನೇ ಒಂದು ಪಾಲು ರಂಜಕ ಇದ್ರ ಸಾಕು, ಇಂಥ ಕೆನಿಗೆ ಹಬ್ಬ. ನಮ್ಮ 4 ಲಕ್ಷ ಲೀಟರಿಗೆ ಅಷ್ಟು ಆಗ್ಲಾಕ 40 ಗ್ರಾಮ್ ರಂಜಕ, ಅಂದ್ರ 200 ಗ್ರಾಮ್ ಡಿಎಪಿ. ಎರಡು ಮುಷ್ಟಿ ಗೊಬ್ಬರ ರೀ! ಹೊಲಕ್ಕ ಚೀಲಗಟ್ಟಲೆ ಹಾಕೋ ನಮಗ ಎರಡು ಮುಷ್ಟಿ ಕಣ್ಣಿಗೇ ಬೀಳಂಗಿಲ್ಲ. ಸಗಣಿ, ಕುರಿ ಹಿಕ್ಕಿ, ಕೋಳಿ ಗೊಬ್ಬರದಾಗೂ ಅದೇ ರಂಜಕ.

ಇದೇ ಕುಲ ನಮ್ಮ ಶತ್ರು ಅಷ್ಟೇ ಅಲ್ಲ ಅನ್ನೋದೂ ಹೇಳಬೇಕು. ಭತ್ತದ ಗದ್ದಿಯಾಗ ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡೋದು ಇವೇ ಅಂತ 1939ರಾಗ ನಮ್ಮ ದೇಶದ ವಿಜ್ಞಾನಿ ಪಿ.ಕೆ. ಡೇ ತೋರಿಸಿದ್ರು. ಎಮ್ಮಿಗೆ ಹಾಕೋ ಅಜೋಲಾ ಗೊತ್ತಲ್ಲ, ಅದರ ಎಲಿಯೊಳಗ ಕುಂತು ಸಾರಜನಕ ಕೊಡೋದೂ ಅನಾಬೀನಾದ ಬಳಗನೇ. ಅದರ ಸಲುವಾಗೇ ಅಜೋಲಾಕ್ಕ ಯೂರಿಯಾ ಬೇಕಾಗಂಗಿಲ್ಲ. ಮನುಷ್ಯರಂಗ, ಒಂದೇ ಕುಲದಾಗ ಉಪಕಾರಿಗಳೂ ಇರ್ತಾರ, ಮನಿ ಮುರಿಯೋರೂ ಇರ್ತಾರ. ಹಂಗಂತ ಹಸಿರು ಕಂಡದ್ದೆಲ್ಲ ಅಜೋಲಾ ಅಂತ ಮೇಯಿಸಬ್ಯಾಡ್ರಿ. ಅಜೋಲಾಕ್ಕ ಎಲಿ, ಬೇರು ಕಣ್ಣಿಗೆ ಕಾಣ್ತಾವ. ಕೆನಿಗೆ ಕಾಣಂಗಿಲ್ಲ.

ಮೃಗಶಿರಾ ಮಳಿ ಬರೋದರೊಳಗ ಮೂರು ಕೆಲಸ ಮಾಡಿ ಇಟ್ಕೊಳ್ರಿ. ಹೊಂಡಕ್ಕ ನೀರು ಇಳಿಯೋ ದಾರಿಯಾಗ ನಾಲ್ಕು ಫೂಟಿನ ಒಂದು ಹೂಳಿನ ಗುಂಡಿ ತೋಡ್ರಿ, ಅದರ ಮುಂದ ಹತ್ತು ಹೆಜ್ಜಿ ಅಗಲ ಹುಲ್ಲು ಬೆಳೀಲಾಕ ಬಿಡ್ರಿ. ಮಣ್ಣಿನ ಜೋಡಿ ಬರೋ ಗೊಬ್ಬರ ಅಲ್ಲೇ ನಿಲ್ತದ. ಮ್ಯಾಲಿನ ಬದಿಗೆ ಕುರಿ ತರುಬೋದಿದ್ರ ಹೊಂಡದ ದಾರಿ ಬಿಟ್ಟು ತರುಬಿಸ್ರಿ. ತಳದಾಗ ಕೂತ ಕರಿ ರಾಡಿ, ನೀರು ಪೂರ್ತಿ ಇಳಿದಾಗ ಹಾಳಿ ಹರಿಯದಂಗ ತಗದು ಹೊಲಕ್ಕ ಹಾಕ್ರಿ. ಹೋದ ವರ್ಷದ ರಂಜಕ ಅದರಾಗೇ ಕುಂತಿರ್ತದ, ಹೊಂಡದಾಗ ಇದ್ರ ವಿಷಕ್ಕ ಮೇವು, ಹೊಲದಾಗ ಇದ್ರ ತೊಗರಿಗೆ ಮೇವು.

ಕಡೀಗೆ ಒಂದು ಮಾತು. ಬ್ಯಾಸಿಗಿಯಾಗ ನಮ್ಮ ಹೊಲಗುಂಟ ಕುರಿ ಹೊಡ್ಕೊಂಡು ಹೋಗೋರು ಬರ್ತಾರ. ಅವರಿಗೆ ಯಾವ ಹೊಂಡದ ನೀರು ಹೆಂಗದ ಅಂತ ಗೊತ್ತಿರಂಗಿಲ್ಲ, ಬಾಯಾರಿದ ಕುರಿ ಕೆನಿ ನೋಡಿ ನಿಲ್ಲಂಗಿಲ್ಲ. ನಿಮ್ಮ ಹೊಂಡ ಹಸಿರಾದ್ರ ದಾರಿ ಕಡೆ ದಂಡಿಗೆ ಒಂದು ಕೆಂಪು ಬಟ್ಟಿ ಕಟ್ರಿ, ಕುರಿಯವರು ಕಂಡ್ರ ಕರೆದು ಹೇಳ್ರಿ, ಆಗೋದಿದ್ರ ಬೋರಿನ ನೀರು ಒಂದು ಡ್ರಮ್ ತುಂಬಿ ಇಡ್ರಿ.